ಗಾಲ್ಫ್ ಮೈದಾನದ ಹಸಿರು ಅವರ ಸನ್ನಿಧಾನಕ್ಕೆ

ಘನತೆವೆತ್ತ ಹಸಿರು ಅವರೇ,

ತಮ್ಮ ಬೇಲಿಯ ಹೊರಗೆ ಈಸಲ್ ಹೂಡಿಕೊಂಡು, ತಮ್ಮನ್ನು ತೈಲವರ್ಣದಲ್ಲಿ ಬರೆಯಬೇಕೆಂದು ವರ್ಷಗಳಿಂದ ಶ್ರಮಪಡುತ್ತಿರುವ ಹವ್ಯಾಸಿ ಚಿತ್ರಕಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಎಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರ ದಿನವೂ ಕಣ್ಣಿಗೆ ಬೀಳುತ್ತಲೇ ಇದೆ. ರಸ್ತೆಯ ಈಚೆ ಬದಿಯ ಪಾರ್ಕಿನ ಹುಲ್ಲು ಮಾರ್ಚಿನಲ್ಲಿ ಒಣಗಿ ನೆಲ ಬಿರುಕು ಬಿಟ್ಟಾಗಲೂ ತಾವು ಆಚೆ ಬದಿಯಲ್ಲಿ ಶ್ರಾವಣದ ಮೈಬಣ್ಣದಲ್ಲೇ ಪವಡಿಸಿರುತ್ತೀರಿ. ತಮ್ಮ ಆರೋಗ್ಯ ಹೀಗೇ ಇರಲಿ ಎಂದು ಹಾರೈಸಿ, ಬಹುಕಾಲದಿಂದ ಮನಸ್ಸಿನಲ್ಲಿ ಉಳಿದುಹೋಗಿರುವ ಕೆಲವು ಅಹವಾಲುಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಸಾವಧಾನದಿಂದ ಚಿತ್ತೈಸಬೇಕು.

ಮೊದಲು ತಮ್ಮ ಮನೆತನಕ್ಕೆ ಸಲ್ಲಬೇಕಾದ ಮರ್ಯಾದೆ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಮೇಲೆ ಬೆಳೆದ ತಾವು 1829ರಲ್ಲಿ ಕಲ್ಕತ್ತೆಗೆ ದಯಮಾಡಿಸಿದಿರಿ, 1876ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದಿರಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಕಾಣುವಂತೆ ರೇಸ್‌ಕೋರ್ಸಿನ ಅಂಗಳದಲ್ಲಿ ಜಾಗ ಹಿಡಿದಿರಿ. ಮಡಿಕೇರಿಯ ಮಂಜಿನಲ್ಲೂ ಇದ್ದೀರಿ, ಊಟಿಯ ಗುಡ್ಡಗಳ ಮೇಲೂ ಇದ್ದೀರಿ. ಹವ್ಯಾಸಕ್ಕೆ ಕುಂಚ ಹಿಡಿದವರೂ ಸಾಮಾನ್ಯರಲ್ಲ. 1915ರಲ್ಲಿ ಬ್ರಿಟನ್ನಿನ ನೌಕಾಮಂತ್ರಿ ಪದವಿಯಿಂದ ಇಳಿದ ಚರ್ಚಿಲ್ ನಲವತ್ತರ ವಯಸ್ಸಿನಲ್ಲಿ ಕುಂಚ ಹಿಡಿದರು, ಮುಂದೆ ಹವ್ಯಾಸಿ ಚಿತ್ರಕಲೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಮೆರಿಕದ ಅಧ್ಯಕ್ಷ ಐಸನ್‌ಹೋವರ್ ಗಾಲ್ಫೂ ಆಡಿದರು, ತೈಲಚಿತ್ರವನ್ನೂ ಬರೆದರು. ಗಾಲ್ಫ್ ದಂತಕಥೆ ಬಾಬಿ ಜೋನ್ಸ್ ಅವರ ಭಾವಚಿತ್ರವನ್ನು ಸ್ವಂತ ಕೈಯಿಂದಲೇ ಬರೆದು ಕೊಟ್ಟರು. ಅಂಥವರು ಕುಂಚ ಹಿಡಿದ ಮೇಲೆ ನಮ್ಮಂಥವರ ಪಾಡೇನು ಎಂದು ತಾವು ಕೇಳಬಹುದು. ಆ ಪಾಡನ್ನೇ ಹೇಳಿಕೊಳ್ಳಲು ಬಂದಿದ್ದೇನೆ.

ಮೊದಲನೆಯ ಅಹವಾಲು ತಮ್ಮ ಮೈಬಣ್ಣದ್ದೇ. ದೂರದಿಂದ ನೋಡಿದವರಿಗೆ ತಾವು ಒಂದೇ ಬಣ್ಣವಾಗಿ ದರ್ಶನ ಕೊಡುತ್ತೀರಿ. ಇಷ್ಟು ದೊಡ್ಡ ನೆಲ, ಇಷ್ಟು ಸಮನಾದ ಬಣ್ಣ, ಇನ್ನೇನು ಕಷ್ಟ ಎಂದುಕೊಂಡು ಹೊಸಬರು ನೇರ ಅಂಗಡಿಗೆ ಹೋಗಿ ಸ್ಯಾಪ್ ಗ್ರೀನ್ ಟ್ಯೂಬು ಕೊಂಡು ತರುತ್ತಾರೆ. ಹಿಂದೆ ಒಂದು ಕಾಡುಹಣ್ಣಿನ ರಸದಿಂದ ಇಳಿಸುತ್ತಿದ್ದ ಬಣ್ಣ ಅದು. ಈಗ ಕಾರ್ಖಾನೆಯ ಮಿಶ್ರಣ. ಇನ್ನು ಕೆಲವರು ಥ್ಯಾಲೋ ಗ್ರೀನ್ ತರುತ್ತಾರೆ. ಸಾಸಿವೆಯಷ್ಟು ಬಿದ್ದರೂ ಪ್ಯಾಲೆಟ್ಟಿನ ಮೇಲಿರುವ ಉಳಿದೆಲ್ಲ ಬಣ್ಣವನ್ನು ತನ್ನ ವಶ ಮಾಡಿಕೊಳ್ಳುವ ಬಣ್ಣ. ಅದನ್ನು ಕ್ಯಾನ್ವಾಸಿನ ಮುಕ್ಕಾಲು ಭಾಗಕ್ಕೆ ಬಳಿದ ಮೇಲೆ ನೆಲವೂ ಇಲ್ಲ, ಹುಲ್ಲೂ ಇಲ್ಲ, ಬೆಳಕಂತೂ ಮೊದಲೇ ಇಲ್ಲ. ಹೊಸಬ ಕುಂಚ ತೊಳೆದು ಎತ್ತಿಡುತ್ತಾನೆ, ಮತ್ತೆ ಮುಟ್ಟುವುದಿಲ್ಲ. ಹೀಗೆ ಎಷ್ಟು ಜನರ ಉತ್ಸಾಹವನ್ನು ತಾವು ಮೊದಲ ಭಾನುವಾರವೇ ಮುಗಿಸಿದ್ದೀರಿ ಎಂಬುದನ್ನು ದಯವಿಟ್ಟು ಒಮ್ಮೆ ಯೋಚಿಸಬೇಕು.

ಆದರೂ ಕೃತಜ್ಞತೆ ಇದೆ. ಪ್ಯಾಲೆಟ್ಟಿನ ಮೇಲಿನ ತಮ್ಮ ಪೂರ್ವಿಕರು ಇದಕ್ಕಿಂತ ಕಠಿಣರಾಗಿದ್ದರು. 1775ರಲ್ಲಿ ಷೀಲೆ ಎಂಬ ರಸಾಯನತಜ್ಞ ಮಾಡಿದ ಹಸಿರಿನಲ್ಲೂ, 1814ರಲ್ಲಿ ಜರ್ಮನಿಯ ಷ್ವೈನ್‌ಫರ್ಟ್‌ನಲ್ಲಿ ತಯಾರಾದ ಎಮರಾಲ್ಡ್ ಗ್ರೀನ್‌ನಲ್ಲೂ ಇದ್ದದ್ದು ತಾಮ್ರ ಮತ್ತು ಪಾಷಾಣ. ಎರಡನೆಯದನ್ನು ಮುಂದೆ ಇಲಿ, ಕೀಟಗಳನ್ನು ಕೊಲ್ಲಲು ಬಳಸಿದರು. 1859ರಲ್ಲಿ ಫ್ರಾನ್ಸಿನ ಗೀನ್ಯೆ ವಿರಿಡಿಯನ್‌ಗೆ ಪೇಟೆಂಟ್ ಪಡೆದ ಮೇಲೆ ಚಿತ್ರಕಾರರಿಗೆ ಪ್ರಾಣಭಯವಿಲ್ಲದ, ಬೇಗ ಮಾಸದ ಹಸಿರೊಂದು ಸಿಕ್ಕಿತು. ಪ್ರಾಣ ಉಳಿಸಿದ್ದಕ್ಕೆ ತಲೆಬಾಗುತ್ತೇನೆ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ ಅವರು ತಮ್ಮನ್ನು ಬಲ್ಲವರು. ಚಿತ್ರದಲ್ಲಿ ಹುಲ್ಲುಗಾವಲು ಕೂಡ ಹಳೆಯ ಪಿಟೀಲಿನ ಕಂದು ಬಣ್ಣಕ್ಕೆ ಹೊಂದಬೇಕು ಎಂದು ಹಿರಿಯರು ನಂಬಿದ್ದ ಕಾಲ ಅದು. ಕಾನ್‌ಸ್ಟೆಬಲ್ ಒಂದು ಪಿಟೀಲನ್ನೇ ತಂದು ಮನೆಯ ಮುಂದಿನ ಹುಲ್ಲಿನ ಮೇಲಿಟ್ಟು ತೋರಿಸಿದರಂತೆ. ಅವರ ಬಯಲುಗಳ ಹಸಿರು ಅಷ್ಟು ಜೀವಂತವಾಗಿರುವುದು ಅದು ಬೇರೆಬೇರೆ ಹಸಿರುಗಳಿಂದ ಕೂಡಿರುವುದರಿಂದ ಎಂಬ ಅವರ ಮಾತನ್ನು ಫ್ರಾನ್ಸಿನ ದೆಲಾಕ್ರ್ವಾ ತಮ್ಮ ದಿನಚರಿಯಲ್ಲಿ ಬರೆದಿಟ್ಟುಕೊಂಡರು. ಹವ್ಯಾಸಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಅಲ್ಟ್ರಾಮರೀನ್ ನೀಲಿಗೆ ನಿಂಬೆಹಳದಿ ಸೇರಿಸಿದರೆ ಒಂದು ಹಸಿರು. ಕಪ್ಪಿಗೆ ಅದೇ ಹಳದಿ ಸೇರಿಸಿದರೆ ಆಲಿವ್ ಛಾಯೆಯ ಇನ್ನೊಂದು. ವಿರಿಡಿಯನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಮರದ ಒಳನೆರಳು. ಎಲ್ಲೋ ತೀರಾ ಹಸಿಯಾಗಿ ಕಂಡರೆ ಒಂದು ಎಳೆ ಅಲಿಜರಿನ್ ಕೆಂಪು. ಕಾನ್‌ಸ್ಟೆಬಲ್ ಬರೆದ ಬಯಲುಗಳಲ್ಲಿ ದನ ಮೇದ ಗುರುತಿತ್ತು, ಗಾಡಿ ಹೋದ ಜಾಡಿತ್ತು, ಕಳೆ ಇತ್ತು. ತಾವೋ ಕಳೆ ಕಂಡರೆ ಕಿತ್ತು ಹಾಕಿಸುತ್ತೀರಿ, ಜಾಡು ಬಿದ್ದರೆ ಮುಚ್ಚಿಸುತ್ತೀರಿ. ನಾವು ನೂರು ಹಸಿರು ಬೆರೆಸಿ ಸಿದ್ಧರಾಗಿ ಬಂದರೆ ತಾವು ಒಂದನ್ನೇ ಮುಂದೆ ಮಾಡುತ್ತೀರಿ. ಈ ಸಂಕೋಚ ಏಕೆ ಸ್ವಾಮಿ?

ತಮ್ಮ ಪಟ್ಟೆಗಳ ವಿಷಯ ಹೇಳದಿದ್ದರೆ ಅಪಚಾರವಾದೀತು. ಯಂತ್ರ ಒಂದು ಸಾಲಿನಲ್ಲಿ ಹೋಗಿ ಇನ್ನೊಂದು ಸಾಲಿನಲ್ಲಿ ಮರಳಿದಾಗ ತಮ್ಮ ಮೈಮೇಲೆ ತಿಳಿ ಹಸಿರು, ಕಡು ಹಸಿರು ಪಟ್ಟೆಗಳು ಏಳುತ್ತವೆ. ಮಖಮಲ್ಲಿನ ಮೇಲೆ ಕೈಯಾಡಿಸಿದಾಗ ಆಗುವುದೇ ಇಲ್ಲೂ ಆಗಿರುವುದು: ಹುಲ್ಲು ಒಂದೇ, ಬಾಗಿದ ದಿಕ್ಕು ಬೇರೆ. ನಮ್ಮಿಂದ ಆಚೆಗೆ ಬಾಗಿದ ಎಲೆ ಬೆಳಕನ್ನು ಹಿಂದಿರುಗಿಸುತ್ತದೆ, ಈಚೆಗೆ ಬಾಗಿದ್ದು ತನ್ನ ನೆರಳನ್ನು ತೋರಿಸುತ್ತದೆ. ಎದುರು ದಡಕ್ಕೆ ಹೋಗಿ ನಿಂತರೆ ತಿಳಿಯಾದದ್ದೆಲ್ಲ ಕಡು, ಕಡುವಾದದ್ದೆಲ್ಲ ತಿಳಿ. ಸೂರ್ಯ ಜರುಗಿದರೆ ಅದೂ ಮಾಸುತ್ತದೆ. ಇದನ್ನು ತಿಳಿಯದೆ ಎರಡು ಟ್ಯೂಬು ತೆಗೆದು ಪಟ್ಟೆ ಬಳಿದವರ ಚಿತ್ರದಲ್ಲಿ ಮೈದಾನ ನೆಲದ ಮೇಲೆ ಮಲಗುವುದೇ ಇಲ್ಲ, ಗೋಡೆಯಾಗಿ ಎದ್ದು ನಿಲ್ಲುತ್ತದೆ. ಬಣ್ಣದ ಗಾಢತೆ ಒಂದು ಎಳೆ ಹೆಚ್ಚುಕಡಿಮೆಯಾದರೂ ತಾವು ಕ್ಷಮಿಸುವುದಿಲ್ಲ. ಅಷ್ಟು ನಿಷ್ಠುರರಾಗಿದ್ದರಿಂದಲೇ ನಮ್ಮ ಕಣ್ಣು ಪಳಗಿತು ಎಂಬುದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ.

ಇನ್ನು ದೂರದ ಲೆಕ್ಕ. ದೂರ ಹೋದಷ್ಟೂ ಬಣ್ಣ ಮಂಕಾಗಿ ನೀಲಿಗೆ ತಿರುಗುತ್ತದೆ ಎಂದು ಪ್ರಕೃತಿಚಿತ್ರ ಕಲಿಸುವ ಪ್ರತಿ ಮೇಷ್ಟ್ರೂ ಹೇಳುತ್ತಾರೆ. ಮಲೆನಾಡಿನ ಗುಡ್ಡಸಾಲು ಈ ಮಾತಿಗೆ ಸದಾ ವಿಧೇಯ. ತಮ್ಮಲ್ಲಿ ಮಾತ್ರ ಹತ್ತಿರದ ಉದ್ದ ಹುಲ್ಲು ಮಂಕು, ಮುನ್ನೂರು ಮೀಟರು ಆಚೆ ಚೆಂಡಿನ ಗುಂಡಿಯನ್ನು ಸುತ್ತಿದ ಪುಟ್ಟ ಗ್ರೀನ್ ಎಲ್ಲಕ್ಕಿಂತ ತಿಳಿ, ಎಲ್ಲಕ್ಕಿಂತ ನುಣುಪು. ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿದ ಹುಲ್ಲು ಹಾಗೆ ಕಾಣುವುದು ಸಹಜವೇ. ಆದರೆ ನಿಯಮದಂತೆ ಅದನ್ನು ಮಂಕು ಮಾಡಿದರೆ ಮೈದಾನ ಸಾಯುತ್ತದೆ, ಕಂಡಂತೆ ಬರೆದರೆ ಅದು ನಡೆದು ಬಂದು ಮುಂದೆ ಕೂರುತ್ತದೆ. ಅಂಚುಗಳನ್ನು ಮೃದು ಮಾಡಿ, ಸುತ್ತಲ ಮರಗಳನ್ನು ತಣ್ಣಗಿಟ್ಟು, ಆ ಒಂದು ತುಣುಕು ಬೆಳಕನ್ನು ಅದರ ದೂರದಲ್ಲೇ ನಿಲ್ಲಿಸುವುದಕ್ಕೆ ಒಂದು ಇಡೀ ಬೆಳಗು ಸಾಲದು.

ಇದರ ಮೇಲೆ ತಾವು ಕಣ್ಣಿಗೆ ಮಾಯೆ ಹಾಕುವುದನ್ನೂ ಬಲ್ಲಿರಿ. ಅಮೆರಿಕದ ಆಗಸ್ಟಾ ನ್ಯಾಷನಲ್ ಮೈದಾನವನ್ನು ಬಾಬಿ ಜೋನ್ಸ್ ಜೊತೆ ರೂಪಿಸಿದ ಅಲಿಸ್ಟರ್ ಮೆಕೆಂಜಿ ವೈದ್ಯರಾಗಿದ್ದವರು. ಬೋಯರ್ ಯುದ್ಧಕ್ಕೆ ಹೋಗಿದ್ದಾಗ ಅಲ್ಲಿನ ರೈತಸೈನಿಕರು ಕಂದಕಗಳನ್ನು ನೆಲದಲ್ಲಿ ಮರೆಮಾಚುವ ಜಾಣ್ಮೆಯನ್ನು ಕಂಡು, ಅದನ್ನು ಮೈದಾನ ಕಟ್ಟುವ ಕೆಲಸಕ್ಕೆ ತಂದರು. ಗ್ರೀನ್‌ಗಿಂತ ಬಹಳ ಮುಂಚೆಯೇ ಇರುವ ಮರಳುಗುಂಡಿ ಅದಕ್ಕೆ ಅಂಟಿಕೊಂಡೇ ಇರುವಂತೆ ಕಾಣಬಹುದು, ನಡುವಿನ ನೆಲ ಕಣ್ಣಿಗೆ ಬೀಳುವುದೇ ಇಲ್ಲ. ಆಟಗಾರ ಮೋಸಹೋಗಲಿ ಎಂದು ಕಟ್ಟಿದ್ದು. ಚಿತ್ರಕಾರನ ಕೆಲಸ ಕಂಡದ್ದನ್ನು ಬರೆಯುವುದು. ಕಂಡದ್ದೇ ಮಾಯೆಯಾದರೆ ಅವನು ಯಾರಲ್ಲಿ ದೂರು ಕೊಡಬೇಕು? ತಮ್ಮಲ್ಲೇ ಕೊಡುತ್ತಿದ್ದೇನೆ.

ಬಂಕರ್ ಎಂಬ ಆ ಗುಂಡಿಯ ಮರಳಿನ ಬಗ್ಗೆ ಒಂದೇ ಮಾತು. ಅದು ಬಿಳಿ ಅಲ್ಲ. ಟೈಟೇನಿಯಂ ವೈಟ್ ನೇರವಾಗಿ ಇಟ್ಟರೆ ಹುಲ್ಲಿನ ಮೇಲೆ ಮೋಡ ತೇಲಿದಂತಾಗುತ್ತದೆ. ಯೆಲ್ಲೋ ಓಕರ್ ಬೆರೆತ ಬೂದು ಅದು, ಅಂಚಿನ ಕೆಳಗೆ ನೀಲಿ ನೆರಳು, ಆ ನೆರಳಿನೊಳಕ್ಕೆ ತಾವೇ ಬಗ್ಗಿ ನೋಡಿ ಬಿಟ್ಟುಹೋದ ಹಸಿರು.

ಗ್ರೀನ್ ಮೇಲೆ ನೆಟ್ಟ ಬಾವುಟದ ಬಗ್ಗೆ ಇನ್ನೂ ಕಡಿಮೆ ಹೇಳಬೇಕೆಂದಿದ್ದೆ, ಮನಸ್ಸು ಒಪ್ಪುತ್ತಿಲ್ಲ. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಾನ್‌ಸ್ಟೆಬಲ್ ಅವರ ವಾಟರ್ಲೂ ಸೇತುವೆಯ ದೊಡ್ಡ ಚಿತ್ರದ ಪಕ್ಕದಲ್ಲಿ ಟರ್ನರ್ ಅವರ ಬೂದು ಸಮುದ್ರ ತೂಗುತ್ತಿತ್ತು. ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ಟರ್ನರ್ ಬಂದು ಆ ಸಮುದ್ರದ ನಡುವೆ ಒಂದು ಕೆಂಪು ಬೊಟ್ಟಿಟ್ಟು ಹೋದರು, ಮತ್ತೆ ಅದನ್ನೇ ತಿದ್ದಿ ತೇಲುಬುರುಡೆ ಮಾಡಿದರು. ಪಕ್ಕದ ಚಿತ್ರದ ಇಡೀ ವೈಭವ ಆ ಬೊಟ್ಟಿನೆದುರು ತಣ್ಣಗಾಯಿತು. ತಮ್ಮ ಮಧ್ಯೆ ಏಳಡಿ ಕೋಲಿನ ತುದಿಯಲ್ಲಿ ಆಡುವ ಕೆಂಪು ಬಟ್ಟೆ ಅದೇ ಬೊಟ್ಟು. ಕ್ಯಾನ್ವಾಸಿನ ಮೇಲೆ ಅದರ ಗಾತ್ರ ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಮೊದಲೇ ಇಟ್ಟರೆ ಉಳಿದ ಚಿತ್ರ ನೋಡಲು ಬಿಡುವುದಿಲ್ಲ, ಕೊನೆಗೆ ಇಡಲು ಹೋದರೆ ಕೆಳಗಿನ ಹಸಿರು ಒಣಗಿರುವುದಿಲ್ಲ. ಅಗಸೆ ಎಣ್ಣೆಯ ಬಣ್ಣ ನೀರು ಆರಿ ಒಣಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಬೆಂಗಳೂರಿನ ಜುಲೈ ತಿಂಗಳಲ್ಲಿ ಅದಕ್ಕೆ ಅವಸರವೇ ಇಲ್ಲ. ಹಸಿ ಹಸಿರಿನ ಮೇಲೆ ಕೆಂಪು ಇಟ್ಟೆವೋ, ಅದು ಕೆಸರಿನ ಬಣ್ಣಕ್ಕೆ ತಿರುಗುತ್ತದೆ.

ಮಹಾಸ್ವಾಮಿ, ಬೆಳಕಿನ ವಿಷಯದಲ್ಲಿ ತಾವು ಸ್ವಲ್ಪ ಪಕ್ಷಪಾತಿಗಳು. ತಮ್ಮ ತವರು ಸೇಂಟ್ ಆಂಡ್ರ್ಯೂಸ್ ಇರುವುದು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಬೇಸಿಗೆಯ ಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ. ಓರೆ ಬೆಳಕಿನಲ್ಲಿ ನೆಲದ ಸಣ್ಣ ಉಬ್ಬಿಗೂ ಒಂದು ನೆರಳು ಸಿಗುತ್ತದೆ, ಚಿತ್ರಕಾರನಿಗೆ ದಿನವಿಡೀ ಕೆಲಸವಿರುತ್ತದೆ. ಬೆಂಗಳೂರು 13 ಡಿಗ್ರಿಯಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ನಡುಹಗಲಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಬೆಳಿಗ್ಗೆ ಆರೂವರೆಗೆ ಮಳೆಮರದ ನೆರಳು ಆಟದ ಹಾದಿಯಾದ ಫೇರ್‌ವೇ ಉದ್ದಕ್ಕೂ ಚಾಚಿ, ಏರಿದಲ್ಲಿ ಏರಿ ಇಳಿದಲ್ಲಿ ಇಳಿದು ನೆಲದ ಆಕಾರವನ್ನೆಲ್ಲ ಬರೆದು ತೋರಿಸುತ್ತದೆ. ಒಂಬತ್ತಕ್ಕೆಲ್ಲ ಅದು ಬುಡದತ್ತ ಸರಿದಾಯಿತು, ತಾವು ಚಪ್ಪಟೆಯಾದಿರಿ. ಉಳಿದ ಹಗಲೆಲ್ಲ ತಮ್ಮ ಏರಿಳಿತ ತಮ್ಮೊಳಗೇ ಅಡಗಿರುತ್ತದೆ. ಇಲ್ಲಿನ ಹವ್ಯಾಸಿಗೆ ತಾವು ಕರುಣಿಸುವುದು ದಿನಕ್ಕೆ ಎರಡು ಗಂಟೆ, ಸಂಜೆ ಮೋಡವಿಲ್ಲದಿದ್ದರೆ ಇನ್ನೊಂದು. ಆ ಅಮೂಲ್ಯ ಎರಡು ಗಂಟೆಯೂ ಬೇಲಿಯ ಹೊರಗಿನಿಂದಲೇ ಕಳೆಯಬೇಕು ಎಂಬುದು ತಮ್ಮ ಅಪ್ಪಣೆ. ಒಂದು ಮೈದಾನದ ಗೇಟಿನಲ್ಲಿ ಕೇಳಿಕೊಂಡಾಗ, ಸದಸ್ಯರ ಜೊತೆಗಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ಕಾವಲುಗಾರ ಸಭ್ಯನಾಗಿಯೇ ಹೇಳಿದ. ನಿಯಮ ಅವನದಲ್ಲ. ಬಲೆಯ ಕಣ್ಣುಗಳ ಮೂಲಕ ತಮ್ಮ ದರ್ಶನ ಮಾಡಿ ಮರಳಿದೆ.

ಈಗ ಹೇಳಲು ಕಷ್ಟವಾಗುವ ಮಾತಿಗೆ ಬರುತ್ತೇನೆ. ತಮಗೆ ಕಾಲ ಗೊತ್ತಿಲ್ಲ.

ಬೆಂಗಳೂರಿನ ವರ್ಷ ಮರಗಳಲ್ಲಿ ನಡೆಯುತ್ತದೆ. ಗುಲಾಬಿ ಟಬೆಬುಯಾ ಅರಳಿ ಉದುರುತ್ತದೆ, ಆಮೇಲೆ ಜಕರಂಡಾದ ನೇರಳೆ, ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರಿನ ಕೆಂಪು. ಸ್ವಾತಂತ್ರ್ಯ ಹೋರಾಟದಿಂದ ಬಂದ ರುಮಾಲೆ ಚನ್ನಬಸವಯ್ಯನವರು ಈ ಊರಿನ ಹೂಬಿಟ್ಟ ಮರಗಳನ್ನು ತೈಲವರ್ಣದಲ್ಲೂ ಜಲವರ್ಣದಲ್ಲೂ ಬರೆದರು. ಅವರ ಚಿತ್ರದ ಮುಂದೆ ನಿಂತರೆ ಅದು ಯಾವ ತಿಂಗಳು ಎಂದು ಹೇಳಬಹುದು. ನೆಲದ ಮೇಲೆ ಬಿದ್ದ ಹೂವೂ ಕಾಣುತ್ತದೆ. ಅವರಿಗಿಂತ ಹಿರಿಯರಾದ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳ ಮಂಜು ಬಿಸಿಲುಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಇವರಿಬ್ಬರನ್ನೂ ಕಂಡು ಬೆಳೆದ ಕಣ್ಣಿಗೆ, ಹೂ ಬಿದ್ದ ಮರುಗಳಿಗೆಯೇ ಗುಡಿಸಿ ಮತ್ತೆ ಒಂದೇ ಬಣ್ಣವಾಗುವ ತಮ್ಮ ಶಿಸ್ತು ಬಹಳ ಕಾಡುತ್ತದೆ. ಜನವರಿಯಲ್ಲಿ ಬರೆದರೂ ಅದೇ, ಜೂನಿನಲ್ಲಿ ಬರೆದರೂ ಅದೇ. ಚಿತ್ರದ ಹಿಂದೆ ತಾರೀಖು ಬರೆಯದಿದ್ದರೆ ಬರೆದವನಿಗೇ ಋತು ಮರೆತುಹೋಗುತ್ತದೆ.

2024ರ ಮಾರ್ಚಿನಲ್ಲಿ ಊರಿನ ಅನೇಕ ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಜನ ಬಕೆಟ್ ಹಿಡಿದು ಟ್ಯಾಂಕರಿಗೆ ಕಾದರು. ತಮ್ಮಲ್ಲಿ ಅನೇಕರು ಸಂಸ್ಕರಿಸಿದ ನೀರನ್ನೇ ಸೇವಿಸುತ್ತೀರಿ ಎಂಬುದು ನಿಜ, ಅದನ್ನು ಗೌರವದಿಂದ ಒಪ್ಪುತ್ತೇನೆ. ಆದರೆ ಆ ತಿಂಗಳ ಯಾವ ನೆನಪೂ ತಮ್ಮ ಮೈಮೇಲೆ ಇರಲಿಲ್ಲ. ಊರಿನ ಜೊತೆ ಒಂದಿಷ್ಟು ಬಾಡಿದ್ದರೆ ಬರೆಯುವವನಿಗೆ ತಾವು ಈ ಊರಿನವರೇ ಎಂಬ ನೆಮ್ಮದಿ ಇರುತ್ತಿತ್ತು. ಮಳೆ ಕಡಿಮೆಯಿದ್ದ ಎಷ್ಟೋ ಕಡೆ ಹಿಂದೆ ಎಣ್ಣೆ ಬೆರೆಸಿದ ಮರಳನ್ನು ಹದಮಾಡಿ, ಹುಲ್ಲಿಲ್ಲದ 'ಬ್ರೌನ್' ಮೇಲೆ ಚೆಂಡು ಉರುಳಿಸುತ್ತಿದ್ದರು. ಆಟ ನಿಲ್ಲಲಿಲ್ಲ. 2006ರಲ್ಲಿ ಇಂಗ್ಲೆಂಡಿನ ಹೊಯ್ಲೇಕ್‌ನಲ್ಲಿ ಓಪನ್ ಪಂದ್ಯಾವಳಿ ನಡೆದಾಗ ಬಿಸಿಲಿಗೆ ಇಡೀ ಮೈದಾನ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೇ ಟೈಗರ್ ವುಡ್ಸ್ ಗೆದ್ದರು. ಆ ಓಕರ್, ಆ ತಾಮ್ರ, ಅದರ ನಡುವೆ ಉಳಿದ ಎಳೆ ಹಸಿರು ಎಂಥ ಚೆಲುವಾದ ಚಿತ್ರವಾದೀತು! ತಾವು ಬಾಡಿದಾಗ ಇನ್ನೂ ಚೆಂದ ಕಾಣುತ್ತೀರಿ ಎಂದರೆ ಬೇಸರ ಮಾಡಿಕೊಳ್ಳಬಾರದು.

ಈ ಮೊಂಡು ಹಸಿರನ್ನು ತಮಗೆ ಕಲಿಸಿದ್ದು ಟಿ.ವಿ. ಪರದೆ ಎಂದು ನನ್ನ ನಂಬಿಕೆ. ಪ್ರತಿ ಏಪ್ರಿಲ್‌ನಲ್ಲಿ ಆಗಸ್ಟಾದ ಪಂದ್ಯಾವಳಿಯ ಚಿತ್ರಗಳು ಜಗತ್ತಿನ ಮನೆಮನೆಗೆ ಬರುತ್ತವೆ: ಅಜೇಲಿಯಾ ಹೂವಿನ ಗುಲಾಬಿ, ಕನ್ನಡಿಯಂಥ ಕೊಳ, ಕಲೆಯಿಲ್ಲದ ಹಸಿರು. ಚಳಿಗಾಲಕ್ಕೆ ಬರ್ಮುಡಾ ಹುಲ್ಲು ಅಲ್ಲಿ ಕಂದಾಗಿ ಮಲಗುತ್ತದೆ. ಆದ್ದರಿಂದ ಶರತ್ಕಾಲದಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಗ್ರೀನ್‌ಗಳ ಅಡಿಯಲ್ಲಿ ತೇವ ಹೀರಿ ಗಾಳಿಯಾಡಿಸುವ ಕೊಳವೆಗಳಿವೆ. ಬೇಸಿಗೆ ಬರುತ್ತಲೇ ಮೈದಾನ ಮುಚ್ಚಿ ಅಕ್ಟೋಬರಿಗೆ ತೆರೆಯುತ್ತಾರೆ. ವರ್ಷದ ಒಂದು ವಾರಕ್ಕಾಗಿ ಅಣಿಗೊಳಿಸಿದ ಆ ಬಣ್ಣವನ್ನು ಕ್ಯಾಲೆಂಡರಿನಿಂದ ನಕಲಿಸಿ, ಇದೇ ಗಾಲ್ಫ್ ಮೈದಾನ ಎಂದು ಎಲ್ಲ ಊರುಗಳ ಹವ್ಯಾಸಿಗಳೂ ಬರೆಯುತ್ತಿದ್ದಾರೆ. ಫೋಟೋದಲ್ಲಿ ಮರದ ನೆರಳು ಬರೀ ಕಪ್ಪು. ಕಣ್ಣೆದುರಿನ ನೆರಳಿನಲ್ಲಿ ನೀಲಿ ಇರುತ್ತದೆ, ನೇರಳೆ ಇರುತ್ತದೆ, ನೆಲದ ಹಸಿರು ಕೊಂಬೆಗಳ ಅಡಿಗೆ ಹಾರಿ ಅಂಟಿಕೊಂಡಿರುತ್ತದೆ. ಅದೇ ಆಗಸ್ಟಾದ 17ನೇ ಹೋಲ್‌ನಲ್ಲಿ ಒಂದು ಪೈನ್ ಮರವಿತ್ತು. ಐಸನ್‌ಹೋವರ್ ಅವರ ಚೆಂಡು ಅದಕ್ಕೇ ಬಡಿಯುತ್ತಿತ್ತೆಂದು ಕ್ಲಬ್ಬಿನ 1956ರ ಸಭೆಯಲ್ಲಿ ಅವರು ಅದನ್ನು ಕಡಿಸಬೇಕೆಂದು ಕೇಳಿದರು. ಸಭೆಯನ್ನೇ ಮುಗಿಸಿ ಕ್ಲಬ್ಬಿನವರು ಮರವನ್ನು ಉಳಿಸಿದರು. 2014ರ ಫೆಬ್ರವರಿಯಲ್ಲಿ ಹಿಮಬಿರುಗಾಳಿಗೆ ಮುರಿಯುವವರೆಗೂ ಅದು ನಿಂತಿತ್ತು. ಕುಂಚ ಹಿಡಿದ ಕೈಯೇ ಮರ ಕಡಿಸಲು ಹೊರಟಿತಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ತಮ್ಮ ನಿಜವಾದ ಗೋತ್ರ ತಮಗೆ ಗೊತ್ತಿದ್ದರೆ ನಮ್ಮನ್ನು ಇಷ್ಟು ದೂರ ಮಾಡುತ್ತಿರಲಿಲ್ಲ. ಬರ್ಮುಡಾ ಹುಲ್ಲು ಎಂದರೆ ನಮ್ಮ ಗರಿಕೆಯೇ. ಗಣೇಶನ ಹಬ್ಬಕ್ಕೆ ನಾವು ಚಿವುಟಿ ತರುವ, ಗದ್ದೆಯ ಬದುವಿನಲ್ಲಿ ತಾನಾಗಿ ಹಬ್ಬುವ ಗರಿಕೆ. ಅದನ್ನು ಆಫ್ರಿಕಾದ ಅದರ ದಾಯಾದಿಯೊಂದಿಗೆ ಕೂಡಿಸಿ ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಬೆಳೆಸಿದ ಮಿಶ್ರತಳಿಗಳೇ ಬಿಸಿಲುನಾಡುಗಳ ಅನೇಕ ಮೈದಾನಗಳಲ್ಲಿ ಹಾಸಿರುವುದು. 1965ರಲ್ಲಿ ಬಂದ ಟಿಫ್‌ಡ್ವಾರ್ಫ್ ಅವುಗಳಲ್ಲಿ ಒಂದು. ಈ ತಳಿ ಬೀಜ ಕಟ್ಟುವುದಿಲ್ಲ, ತುಂಡು ನೆಟ್ಟೇ ಬೆಳೆಸಬೇಕು. ಬದುವಿನ ಗರಿಕೆಗೆ ನೇರಳೆ ಛಾಯೆಯ ಗೆಣ್ಣಿದೆ, ಒಣಗಿದ ತುದಿಯಿದೆ, ತೆನೆಯಿದೆ. ಅದರ ಒಂದು ಹಿಡಿಯಲ್ಲಿ ನಾನು ಆರು ಬಣ್ಣ ಕಾಣುತ್ತೇನೆ. ತಾವು ಅದೇ ಕುಲದವರಾಗಿ ಅವೆಲ್ಲವನ್ನೂ ಬಿಟ್ಟುಕೊಟ್ಟಿರಿ.

ಕೊನೆಯ ಅಹವಾಲು ಎಲ್ಲಕ್ಕಿಂತ ಹಿರಿದು. ತಾವು ಒಬ್ಬರೇ ಇರುವಂತೆ ತೋರಿಸಿಕೊಳ್ಳುತ್ತೀರಿ. ಬೆಳಗಾಗುವ ಮೊದಲೇ ಯಂತ್ರ ತಳ್ಳುವವರು ಬರುತ್ತಾರೆ. ಉದ್ದನೆಯ ಕೋಲಾಡಿಸಿ ಗ್ರೀನ್ ಮೇಲಿನ ಇಬ್ಬನಿ ಒರೆಸುವವನು ಬರುತ್ತಾನೆ. ನಿನ್ನೆಯ ಗುಂಡಿ ಮುಚ್ಚಿ, 108 ಮಿಲಿಮೀಟರ್ ಅಗಲದ ಹೊಸ ಗುಂಡಿಯನ್ನು ಬೇರೆ ಜಾಗದಲ್ಲಿ ಕೊರೆಯುವವನು ಬರುತ್ತಾನೆ. ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತ ಫೇರ್‌ವೇ ಉದ್ದಕ್ಕೂ ಸರಿಯುತ್ತಾರೆ. ಆ ಹಸಿರಿನ ಮೇಲೆ ಆ ಕುಂಕುಮದ ಬಣ್ಣದ ಸೀರೆ, ಆ ಅರಿಶಿನದ ಸೆರಗು! ಹಸಿರು ಬಯಲುಗಳ ನಡುವೆ ಕಾನ್‌ಸ್ಟೆಬಲ್ ಹುಡುಕಿ ಹುಡುಕಿ ಇಡುತ್ತಿದ್ದ ಕೆಂಪು ತಮಗೆ ಪ್ರತಿ ಬೆಳಿಗ್ಗೆ ತಾನಾಗಿ ದೊರಕುತ್ತದೆ. ಆಟ ಶುರುವಾಗುವ ಹೊತ್ತಿಗೆ ಅವರೆಲ್ಲ ಅಂಚಿಗೆ ಸರಿದಿರುತ್ತಾರೆ. ಆಮೇಲೆ ಬರೆದ ಚಿತ್ರಗಳಲ್ಲಿ ಯಾರೂ ಇರುವುದಿಲ್ಲ: ಮರ, ಮರಳು, ಬಾವುಟ, ಆಕಾಶ. ಇಂಥ ಖಾಲಿ ಚಿತ್ರಗಳನ್ನೇ ಶಾಂತಿ ಎಂದು ಕರೆದು ಡ್ರಾಯಿಂಗ್ ರೂಮಿನಲ್ಲಿ ತೂಗುಹಾಕುತ್ತಾರೆ.

ಗಾಲ್ಫ್ ಚಿತ್ರಕಲೆಯ ಪರಂಪರೆ ಹೀಗಿರಲಿಲ್ಲ. 1847ರಲ್ಲಿ ಚಾರ್ಲ್ಸ್ ಲೀಸ್ ಬರೆದ 'ದಿ ಗಾಲ್ಫರ್ಸ್' ಎಂಬ ದೊಡ್ಡ ತೈಲಚಿತ್ರ ಸ್ಕಾಟ್ಲೆಂಡಿನಲ್ಲಿದೆ, ಸೇಂಟ್ ಆಂಡ್ರ್ಯೂಸ್‌ನ ಒಂದು ಪಂದ್ಯದ ಚಿತ್ರ. ಶ್ರೀಮಂತರು ಚೆಂಡಿನ ಮೇಲೆ ಬಗ್ಗಿದ್ದಾರೆ. ಅವರ ಜೊತೆಗೆ ಕೋಲು ಹೊತ್ತ ಕ್ಯಾಡಿಗಳಿದ್ದಾರೆ, ಶುಂಠಿ ಪಾನೀಯ ಮಾರುವ ಹುಡುಗಿಯೂ ಇದ್ದಾಳೆ. ನೆಲ ಒರಟಾಗಿದೆ, ಹುಲ್ಲು ಮಾಸಲು. ತಮ್ಮ ವಂಶದ ಅತ್ಯಂತ ಹೆಸರಾಂತ ಚಿತ್ರದಲ್ಲಿ ದುಡಿಯುವವರಿಗೆ ಜಾಗವಿತ್ತು. ನಮ್ಮ ಕಾಲದ ಹಸಿರಿನಲ್ಲಿ ಇಲ್ಲ.

ಪೂಜ್ಯರೇ, ದೂರು ಇಷ್ಟೇ. ಇಷ್ಟಾದರೂ ತಮ್ಮನ್ನು ಬಿಟ್ಟು ಬೇರೆ ಕಡೆ ಹೋಗಲು ಮನಸ್ಸು ಬರುವುದಿಲ್ಲ. ಮನೆಗಳು ನುಂಗುತ್ತಿರುವ ಊರಿನಲ್ಲಿ ಅಷ್ಟು ದೊಡ್ಡ ಆಕಾಶವನ್ನು ಒಂದೇ ನೋಟಕ್ಕೆ ತೋರಿಸುವ ಜಾಗ ತಮ್ಮದು. ನೆರಳು ನೆಲದ ಮೇಲೆ ಹೇಗೆ ಹರಿಯುತ್ತದೆ ಎಂದು ಕಲಿಯಲು ತಮಗಿಂತ ಒಳ್ಳೆಯ ಪಾಠಶಾಲೆ ನನಗೆ ತಿಳಿದಿಲ್ಲ.

ಆದ್ದರಿಂದ ಈ ವಿನಂತಿ. ಅನೇಕ ಮೈದಾನಗಳಲ್ಲಿ ಸೋಮವಾರ ಆಟಕ್ಕೆ ರಜೆ, ಹುಲ್ಲಿನ ಆರೈಕೆಗೆ ಮೀಸಲು. ತಿಂಗಳಿಗೆ ಒಂದು ಸೋಮವಾರ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಹವ್ಯಾಸಿ ಚಿತ್ರಕಾರರಿಗೆ ಗೇಟು ತೆರೆಯುವಂತೆ ತಮ್ಮ ಕಮಿಟಿಯವರಿಗೆ ತಿಳಿಹೇಳಬೇಕು. ಗ್ರೀನ್ ಮೇಲೆ ಕಾಲಿಡುವುದಿಲ್ಲ. ಟರ್ಪೆಂಟೈನ್ ಒಂದು ಹನಿಯೂ ನೆಲಕ್ಕೆ ಬೀಳದಂತೆ ಈಸಲಿನ ಕೆಳಗೆ ಗೋಣಿ ಹಾಸುತ್ತೇವೆ. ಬಣ್ಣ ಒರೆಸಿದ ಬಟ್ಟೆಯನ್ನು ಮನೆಗೇ ಒಯ್ಯುತ್ತೇವೆ. ಮೈದಾನದ ಒಂದು ಮೂಲೆಯನ್ನಾದರೂ ಯಂತ್ರಕ್ಕೆ ಕೊಡದೆ, ನೀರು ಹಾಯಿಸದೆ ವರ್ಷದ ಪಾಡಿಗೆ ಬಿಡಿಸಬೇಕು. ಕಳೆ ಕೀಳುವ ತಾಯಂದಿರು ಒಪ್ಪಿದರೆ ಅವರನ್ನೂ ಬರೆಯಲು ಬಿಡಬೇಕು, ಬರೆದ ಚಿತ್ರವನ್ನು ಕ್ಲಬ್ಬಿನ ಗೋಡೆಗೆ ಹಾಕುವ ಮೊದಲು ಅವರಿಗೆ ತೋರಿಸಲು ಅವಕಾಶ ಕೊಡಬೇಕು.

ಇದನ್ನು ಓದುತ್ತಿರುವ ಕಮಿಟಿ ಸದಸ್ಯರು ಯಾರಾದರೂ ಇದ್ದರೆ, ಮುಂದಿನ ಸಭೆಯಲ್ಲಿ ಈ ಸೋಮವಾರದ ಮಾತನ್ನು ಎತ್ತಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ,
ಬೇಲಿಯ ಹೊರಗಿನ ಹವ್ಯಾಸಿ ಚಿತ್ರಕಾರ